‘ಸಾಕು’ ಬೇರೆ, ‘ಸಾಕಾಗಿದೆ’ ಬೇರೆ

ಪ್ರಶ್ನೆ: ಡಾಕ್ಟ್ರೇ, ನನಗೆ 46 ವರ್ಷ. ಸಾಗರದ ಹತ್ತಿರದ ಊರು. ಸಹಕಾರಿ ಬ್ಯಾಂಕೊಂದರಲ್ಲಿ ಗುಮಾಸ್ತ. ಬೆಳಿಗ್ಗೆ ಹತ್ತಕ್ಕೆ ಹೋದರೆ ಸಂಜೆ ಐದೂವರೆಗೆ ಮನೆ. ಕಾಫಿ, ಪೇಪರು, ಟಿವಿಯಲ್ಲಿ ವಾರ್ತೆ, ಒಂಬತ್ತೂವರೆಗೆ ದೀಪ ಆರಿಸುವುದು. ಮನೆ ಹಿಂದೆ ಅರ್ಧ ಎಕರೆ ಅಡಿಕೆ ಇದೆ. ಸಾಲ ಇಲ್ಲ, ಕಾರಿಲ್ಲ, ಕುಡಿತ ಇಲ್ಲ, ಯಾರ ಜತೆಗೂ ಜಗಳ ಇಲ್ಲ. ಎರಡು ಸಲ ಬಡ್ತಿ ಬಂತು. ಬೇರೆ ಶಾಖೆಗೆ ಹೋಗಬೇಕಾಗುತ್ತದೆ ಎಂದು ಬೇಡ ಅಂದೆ. ಹಾಸಿಗೆ ಇದ್ದಷ್ಟು ಕಾಲು ಚಾಚುವವನು ನಾನು. ನೆಮ್ಮದಿಯಾಗಿದ್ದೇನೆ ಎಂದೇ ಅಂದುಕೊಂಡಿದ್ದೆ.

ಹೋದ ತಿಂಗಳು ಬೆಂಗಳೂರಿಂದ ಬಂದ ಭಾವಮೈದುನ “ಭಾವ, ನೀವು ಬದುಕ್ತಾ ಇಲ್ಲ, ದಿನ ದೂಡ್ತಾ ಇದ್ದೀರಿ” ಅಂದ. ಅದನ್ನು ತಲೆಗೆ ಹಾಕಿಕೊಳ್ಳಲಿಲ್ಲ. ಆದರೆ ವಾರದ ಹಿಂದೆ ಪಿಯುಸಿ ಓದುವ ಮಗಳು, ತನಗೆ ಬಂದ ಬಹುಮಾನದ ದುಡ್ಡಲ್ಲಿ ನನಗೇನಾದರೂ ತರಬೇಕೆಂದು, “ಅಪ್ಪ, ನಿಂಗೆ ಏನು ಬೇಕು?” ಎಂದು ಕೇಳಿದಳು. ಏನೂ ಬೇಡ ಅಂದೆ. “ಯಾವಾಗ ಕೇಳಿದ್ರೂ ಇದೇ” ಎಂದು ಅತ್ತುಬಿಟ್ಟಳು. ಆ ರಾತ್ರಿ ಕೂತು ಯೋಚಿಸಿದೆ. ನಿಜವಾಗಿಯೂ ಏನೂ ಹೊಳೆಯಲಿಲ್ಲ. ಮೊದಲು ತಾಳಮದ್ದಳೆಗೆ ಮದ್ದಳೆ ಬಾರಿಸುತ್ತಿದ್ದೆ. ಅಪ್ಪ ಹೋದ ಮೇಲೆ ಮನಸ್ಸಾಗಲಿಲ್ಲ. ಆರು ವರ್ಷದಿಂದ ಅದು ಅಟ್ಟದ ಮೇಲಿದೆ. ನಾನು ನೆಮ್ಮದಿಯಲ್ಲಿದ್ದೇನೋ, ಒಳಗೊಳಗೇ ಕೈಚೆಲ್ಲಿ ಕೂತಿದ್ದೇನೋ? ಗೊತ್ತಾಗುವುದು ಹೇಗೆ?

ಉತ್ತರ: ಮೊದಲು ನಿಮ್ಮ ಭಾವಮೈದುನನ ಮಾತನ್ನು ಬದಿಗಿಡೋಣ. ಬಡ್ತಿ ಬೇಡ ಅಂದದ್ದು, ಕಾರು ಕೊಳ್ಳದೆ ಇದ್ದದ್ದು, ಒಂಬತ್ತೂವರೆಗೆ ಮಲಗುವುದು, ಇದ್ಯಾವುದೂ ಕಾಯಿಲೆಯಲ್ಲ. ದಿನಕ್ಕೆ ಮೂರು ಗಂಟೆ ಟ್ರಾಫಿಕ್ಕಿನಲ್ಲಿ ಕೂತು, ಎರಡೆರಡು ಇಎಂಐ ಕಟ್ಟಿ, ತಿಂಗಳಿಗೊಂದು ರೆಸಾರ್ಟಿನ ಫೋಟೊ ಹಾಕುವವರೂ ನನ್ನ ಎದುರಿನ ಕುರ್ಚಿಯಲ್ಲಿ ಕೂತು ಅತ್ತಿದ್ದಾರೆ. ದಿನ ದೂಡುವವರೆಲ್ಲ ಸುಮ್ಮನೆ ಮೂಲೆಯಲ್ಲಿ ಕೂತಿರುತ್ತಾರೆ ಅಂತೇನಿಲ್ಲ. ಓಡಾಡಿಕೊಂಡು, ನಗಾಡಿಕೊಂಡು ದಿನ ದೂಡುವವರೇ ಜಾಸ್ತಿ. ಹಾಗಾಗಿ ನಿಮ್ಮ ಬದುಕು ಎಷ್ಟು ಚಿಕ್ಕದು, ಎಷ್ಟು ಸದ್ದಿಲ್ಲದ್ದು ಎಂದು ನೋಡಿ ನಾನೇನೂ ಹೇಳಲಾರೆ.

ಮಗಳು ಅತ್ತದ್ದು ಮಾತ್ರ ಬೇರೆ ವಿಷಯ. ಅಪ್ಪ ಉಡುಗೊರೆ ಬೇಡ ಅಂದರೆ ಹದಿನೇಳು ವರ್ಷದ ಹುಡುಗಿ ಮುಖ ಸಿಂಡರಿಸಬಹುದು, ಅಳುವುದಿಲ್ಲ. ಅವಳು ಬಹಳ ದಿನಗಳಿಂದ ಏನನ್ನೋ ನೋಡುತ್ತಿದ್ದಾಳೆ. ಅದನ್ನು ಹೇಳಲು ಅವಳಿಗೆ ಬೇರೆ ದಾರಿ ಸಿಕ್ಕಿರಲಿಕ್ಕಿಲ್ಲ.

ನಮ್ಮ ಭಾಷೆಯಲ್ಲಿ ಒಂದು ಚಮತ್ಕಾರ ಇದೆ ನೋಡಿ. ‘ಸಾಕು’ ಅಂದರೆ ತೃಪ್ತಿ. ‘ಸಾಕಾಗಿದೆ’, ‘ಸಾಕಪ್ಪಾ ಸಾಕು’ ಅಂದರೆ ಬೇಸತ್ತು ಹೋಗಿರುವುದು. ಒಂದೇ ಮಾತು, ಎರಡು ತುದಿ. ಮದುವೆಮನೆಯ ಪಂಕ್ತಿಯಲ್ಲಿ ಬಡಿಸಿ ಅಭ್ಯಾಸ ಇದ್ದವರಿಗೆ ಇದು ಬೇಗ ಅರ್ಥವಾಗುತ್ತದೆ. ಇಬ್ಬರು ಅಕ್ಕಪಕ್ಕ ಕೂತಿರುತ್ತಾರೆ. ಇಬ್ಬರೂ ಎಲೆಯ ಮೇಲೆ ಕೈ ಅಡ್ಡ ಹಿಡಿದು ಸಾಕು ಅನ್ನುತ್ತಾರೆ. ಒಬ್ಬ ಹೊಟ್ಟೆ ತುಂಬಾ ಉಂಡಿದ್ದಾನೆ. ಇನ್ನೊಬ್ಬನಿಗೆ ಬಾಯಿ ರುಚಿಯೇ ಇಲ್ಲ. ಕೈ ನೋಡಿದರೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಎಲೆ ನೋಡಬೇಕು.

ನಿಮ್ಮ ಎಲೆ ನೋಡಲು ನನ್ನ ಹತ್ತಿರ ಇರುವುದು ಈ ಪತ್ರ ಒಂದೇ. ಅದನ್ನೇ ಮತ್ತೆ ಮತ್ತೆ ಓದಿದೆ. ನಿಮ್ಮ ಬದುಕು ಹೇಗಿದೆ ಎಂದು ಹೇಳುವಾಗ ನೀವು ನಾಲ್ಕು ಸಲ ‘ಇಲ್ಲ’ ಅಂದಿದ್ದೀರಿ. ಸಾಲ, ಕಾರು, ಕುಡಿತ, ಜಗಳ. ಎರಡು ಸಲ ‘ಬೇಡ’ ಅಂದಿದ್ದೀರಿ. ‘ಇದೆ’ ಎಂದು ಬರೆದಿರುವುದು ಎರಡೇ ಕಡೆ: ಮನೆ ಹಿಂದೆ ಅಡಿಕೆ ಇದೆ, ಅಟ್ಟದ ಮೇಲೆ ಮದ್ದಳೆ ಇದೆ. ಒಂದು ಪತ್ರದಿಂದ ರೋಗ ಹೇಳುವ ಡಾಕ್ಟರನ್ನು ನಂಬಬೇಡಿ, ನನ್ನನ್ನೂ ಸೇರಿಸಿ. ಆದರೂ ಸರಳವಾಗಿ, ತೃಪ್ತಿಯಿಂದ ಇರುವವರು ತಮ್ಮ ಬದುಕಿನ ಬಗ್ಗೆ ಹೇಳುವಾಗ ಸಾಮಾನ್ಯವಾಗಿ ಹೀಗೆ ಹೇಳುವುದಿಲ್ಲ. ಏನಿಲ್ಲ ಅನ್ನುವುದಕ್ಕಿಂತ ಏನಿದೆ ಅನ್ನುವುದೇ ಅವರ ಬಾಯಲ್ಲಿ ಮೊದಲು ಬರುತ್ತದೆ.

ನಮ್ಮ ಬೀದಿಯಲ್ಲಿ ಒಬ್ಬ ಟೈಲರ್ ಇದ್ದಾರೆ. ಎಂಟಡಿ-ಹತ್ತಡಿಯ ಅಂಗಡಿ, ಒಂದೇ ಮಿಷನ್ನು. ದೊಡ್ಡದು ಮಾಡಿ ಎಂದು ಯಾರಾದರೂ ಹೇಳಿದರೆ ನಗುತ್ತಾರೆ. ನಿಮ್ಮ ಹಾಗೆಯೇ ಒಂಬತ್ತೂವರೆಗೆ ಮಲಗುವವರು. ಆದರೆ ಅವರ ಎದುರು ಕಾಲರ್ ಸೊಟ್ಟಗಿರುವ ರೆಡಿಮೇಡ್ ಅಂಗಿ ಹಾಕಿಕೊಂಡು ಹೋಗಿ ನೋಡಿ! ಹತ್ತು ನಿಮಿಷ ಬೈಯುತ್ತಾರೆ. ಎದುರಿನ ಹೋಟೆಲಿನ ಕಾಫಿ ನೀರಾಗಿದ್ದರೆ ವಾಪಸ್ ಕಳಿಸುತ್ತಾರೆ. ಕಾಜಾ ಹೊಲಿಯುವಾಗ ಮಾತಾಡಿಸಿದರೆ ಉತ್ತರ ಕೊಡುವುದಿಲ್ಲ. ಬಯಕೆಗಳು ಕಡಿಮೆ, ಆದರೆ ಇರುವ ನಾಲ್ಕರಲ್ಲಿ ತುಂಬಾ ಹಟ. ನಿಜವಾದ ಸರಳ ಜೀವನದವರಲ್ಲಿ ಈ ಹಟವನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ.

ಬೆಂಗಳೂರಿನ ನ್ಯಾಷನಲ್ ಕಾಲೇಜಿನ ಎಚ್. ನರಸಿಂಹಯ್ಯನವರನ್ನು ನೆನಪಿಸಿಕೊಳ್ಳಿ. ಅಮೆರಿಕದಲ್ಲಿ ಭೌತವಿಜ್ಞಾನದಲ್ಲಿ ಪಿಎಚ್.ಡಿ ಮಾಡಿ ಬಂದವರು, ವಿಶ್ವವಿದ್ಯಾಲಯದ ಕುಲಪತಿ ಆದವರು. ಇದ್ದದ್ದು ಮಾತ್ರ ಹಾಸ್ಟೆಲಿನ ಒಂದು ಕೋಣೆಯಲ್ಲಿ. ಖಾದಿ ಬಟ್ಟೆ, ತಲೆಗೊಂದು ಗಾಂಧಿ ಟೋಪಿ. ಆ ಕೋಣೆ ನೋಡಿ ‘ಪಾಪ, ಬದುಕನ್ನು ಬಿಟ್ಟುಕೊಟ್ಟಿದ್ದಾರೆ’ ಎಂದು ಯಾರೂ ಹೇಳಲಿಲ್ಲ. ಪವಾಡಗಳನ್ನು ಪರೀಕ್ಷೆ ಮಾಡಬೇಕೆಂದು 1976ರಲ್ಲಿ ಸಮಿತಿ ಕಟ್ಟಿಕೊಂಡು ಊರಿಗೆಲ್ಲ ಸವಾಲು ಹಾಕಿದ ಮನುಷ್ಯ ಅವರು. ಸಾಮಾನು ಕಡಿಮೆ ಇತ್ತು, ಬೇಕುಗಳು ಕಡಿಮೆ ಇರಲಿಲ್ಲ.

ಅಷ್ಟು ದೊಡ್ಡವರ ಹಾಗೆ ಆಗಬೇಕು ಎಂದು ನಾನು ಹೇಳುತ್ತಿಲ್ಲ. ಟೈಲರನ ಕಾಜಾ ಸಾಕು.

ಕೈಚೆಲ್ಲಿದವರ ಗುರುತು ಬೇರೆ. ಅವರ ಮಾತು ‘ಏನಾದ್ರೂ ಸರಿ’, ‘ಯಾವುದಾದ್ರೂ ನಡೆಯುತ್ತೆ’, ‘ಬಿಡಿ, ಏನಿದೆ ಅದರಲ್ಲಿ’. ತಿಂಡಿಗೆ ದೋಸೆಯೋ ಉಪ್ಪಿಟ್ಟೋ ಎಂದು ಕೇಳಿದರೆ ‘ಏನಾದ್ರೂ ಸರಿ’. ಅಂಗಿ ನೀಲಿಯೋ ಬಿಳಿಯೋ? ‘ಏನಾದ್ರೂ ಸರಿ’. ಮನೆಯವರು ಇದನ್ನು ಒಳ್ಳೆಯತನ ಅಂದುಕೊಳ್ಳುತ್ತಾರೆ. ಎಷ್ಟು ಹೊಂದಿಕೊಂಡು ಹೋಗುತ್ತಾರೆ ಅಲ್ವಾ ಎಂದು ಹೊಗಳುತ್ತಾರೆ. ವರ್ಷಗಟ್ಟಲೆ ಹೊಗಳಿಸಿಕೊಂಡ ಮೇಲೆ ಅವರಿಗೂ ಅದೇ ನಿಜ ಅನ್ನಿಸಿಬಿಡುತ್ತದೆ.

ಇದನ್ನು ಹತ್ತಿರದಿಂದ ನೋಡಿದ ಒಂದು ಹಳೆಯ ಅಧ್ಯಯನ ಇದೆ. ಆಸ್ಟ್ರಿಯಾ ದೇಶದ ವಿಯೆನ್ನಾ ನಗರದ ಹತ್ತಿರ ಮರಿಯೆಂಥಾಲ್ ಎಂಬ ಸಣ್ಣ ಊರು. ಊರಿಗೆಲ್ಲ ಅನ್ನ ಹಾಕುತ್ತಿದ್ದದ್ದು ಒಂದೇ ಒಂದು ಬಟ್ಟೆ ಕಾರ್ಖಾನೆ. ಅದು 1930ರ ಹೊತ್ತಿಗೆ ಮುಚ್ಚಿತು. ಇಡೀ ಊರಿಗೆ ಕೆಲಸ ಇಲ್ಲ. ಮಾರೀ ಯಾಹೋಡಾ, ಪೌಲ್ ಲಾಜರ್ಸ್‌ಫೆಲ್ಡ್, ಹಾನ್ಸ್ ಜೈಜೆಲ್ ಎಂಬುವರು ತಮ್ಮ ತಂಡದ ಜತೆ 1931ರ ಕೊನೆಯಲ್ಲಿ ಅಲ್ಲಿಗೆ ಹೋಗಿ ಜನರ ದಿನಚರಿ, ಅಡುಗೆಮನೆ, ಮಕ್ಕಳ ಶಾಲೆಯ ಬುತ್ತಿ, ಎಲ್ಲವನ್ನೂ ಬರೆದುಕೊಂಡರು. ಕಿಟಕಿಯ ಹಿಂದೆ ಗಡಿಯಾರ ಹಿಡಿದು ಕೂತು, ಬೀದಿಯಲ್ಲಿ ಯಾರು ಎಷ್ಟು ಬೇಗ ನಡೆಯುತ್ತಾರೆ ಎಂದು ಕೂಡ ಲೆಕ್ಕ ಹಾಕಿದರು. ಗಂಡಸರು ನಾಲ್ಕು ಹೆಜ್ಜೆ ಹಾಕಿ ನಿಲ್ಲುತ್ತಿದ್ದರು, ಮತ್ತೆ ನಡೆಯುತ್ತಿದ್ದರು, ಮತ್ತೆ ನಿಲ್ಲುತ್ತಿದ್ದರು. ಹೆಂಗಸರು ಬೇಗ ಬೇಗ ನಡೆಯುತ್ತಿದ್ದರು. ಅವರಿಗೆ ಮನೆಗೆಲಸ ಹಾಗೇ ಇತ್ತಲ್ಲ! ಊರಿನ ವಾಚನಾಲಯದಿಂದ ಜನ ಒಯ್ದ ಪುಸ್ತಕಗಳ ಲೆಕ್ಕ ನೋಡಿದರೆ ಹತ್ತಿರಹತ್ತಿರ ಅರ್ಧಕ್ಕೆ ಇಳಿದಿತ್ತು. ಕೈಯಲ್ಲಿ ಬೇಕಾದಷ್ಟು ಹೊತ್ತಿತ್ತು, ಓದುವುದಕ್ಕೆ ದುಡ್ಡೂ ಕೊಡಬೇಕಾಗಿರಲಿಲ್ಲ. ಆದರೂ ಓದಬೇಕು ಅನ್ನಿಸುತ್ತಿರಲಿಲ್ಲ.

ಅವರು ಹತ್ತಿರದಿಂದ ನೋಡಿದ 100 ಮನೆಗಳನ್ನು ನಾಲ್ಕು ಗುಂಪು ಮಾಡಿದರು. ಕುಗ್ಗದವರು, ಕೈಚೆಲ್ಲಿದವರು, ಹತಾಶರು, ಏನಾದರೂ ಆಗಲಿ ಎಂದು ಬಿಟ್ಟವರು. ಅರ್ಧದಷ್ಟು, ಅಂದರೆ 48 ಮನೆಗಳು, ಎರಡನೆಯ ಗುಂಪಿನವು. ನಿಮಗೆ ಹೇಳಬೇಕಾದದ್ದು ಈ ಮನೆಗಳ ಬಗ್ಗೆ. ಅಲ್ಲಿ ಅಳು ಇರಲಿಲ್ಲ, ಜಗಳ ಇರಲಿಲ್ಲ. ಮನೆ ಗುಡಿಸಿ ಒರೆಸಿ ಚೊಕ್ಕಟವಾಗಿತ್ತು. ಮಕ್ಕಳನ್ನು ಚೆನ್ನಾಗಿ ನೋಡಿಕೊಳ್ಳುತ್ತಿದ್ದರು. ಕೇಳಿದರೆ ‘ಪರವಾಗಿಲ್ಲ, ನಡೀತಾ ಇದೆ’ ಅನ್ನುವ ತರಹದ ಜನ. ಹೊರಗಿನಿಂದ ನೋಡಿದರೆ ಸರಳ ಜೀವನ. ಮೊದಲ ಗುಂಪಿನವರಿಗೂ ಇವರಿಗೂ ಇದ್ದ ವ್ಯತ್ಯಾಸ ಒಂದೇ: ಇವರಿಗೆ ನಾಳೆ ಎಂಬುದು ಇರಲಿಲ್ಲ. ಯೋಜನೆ ಇಲ್ಲ, ಆಸೆ ಇಲ್ಲ. ಬೇಕು ಅನ್ನುವುದನ್ನೆಲ್ಲ ಒಂದೊಂದಾಗಿ ಕತ್ತರಿಸುತ್ತ ಬಂದು, ಕತ್ತರಿಸಲು ಏನೂ ಉಳಿಯದ ಜಾಗಕ್ಕೆ ಬಂದು ನಿಂತಿದ್ದರು.

ನಾನು ಈ ಅಧ್ಯಯನವನ್ನು ಮೊದಲು ಓದಿದ್ದು ಪಿ.ಜಿ. ಮಾಡುವಾಗ, ಪರೀಕ್ಷೆಗೋಸ್ಕರ. ಆಗ ಅದು ನಿರುದ್ಯೋಗದ ಕಥೆ ಅನ್ನಿಸಿತ್ತು. ಈಗ ಸಂಬಳ, ಪಿಂಚಣಿ, ತೋಟ ಎಲ್ಲ ಇರುವವರಲ್ಲೂ ಆ 48 ಮನೆಗಳನ್ನು ಕಾಣುತ್ತೇನೆ.

ನಿಮ್ಮಂಥ ಗಂಡಸರು ಪತ್ರವನ್ನಾದರೂ ಬರೆಯುತ್ತಾರೆ. ಹೆಂಗಸರದ್ದು ಅದೂ ಇಲ್ಲ. ಅವರನ್ನು ‘ತುಂಬಾ ಶಾಂತ ಸ್ವಭಾವ’ ಎಂದು ಕರೆದು ಮುಗಿಸಿಬಿಡುತ್ತೇವೆ. ನನ್ನ ಹತ್ತಿರ ಅವರು ಬರುವುದು ತಲೆನೋವು, ಮೈಕೈ ನೋವು, ಅಂಗಾಲು ಉರಿ, ಸುಸ್ತು ಎಂದು. ಬೇರೆ ಎಲ್ಲ ಡಾಕ್ಟರೂ ಆಗಿ, ಸ್ಕ್ಯಾನೂ ಆಗಿ, ಕೊನೆಗೆ ನಾನು. ಕೆಲವು ವರ್ಷದ ಹಿಂದೆ ಐವತ್ತು ದಾಟಿದ ಒಬ್ಬರು ಬಂದಿದ್ದರು (ಗುರುತು ಸಿಗದ ಹಾಗೆ ಸ್ವಲ್ಪ ಬದಲಾಯಿಸಿ ಹೇಳುತ್ತಿದ್ದೇನೆ). ಜತೆಗೆ ಬಂದ ಮಗ ಹೆಮ್ಮೆಯಿಂದ ಹೇಳಿದ: ಅಮ್ಮ ಇವತ್ತಿನವರೆಗೆ ಇಂಥದ್ದು ಬೇಕು ಎಂದು ಕೇಳಿದವಳೇ ಅಲ್ಲ. ಮಗನನ್ನು ಹೊರಗೆ ಕೂರಿಸಿ ನಾನು ಕೇಳಿದೆ, “ಅಮ್ಮ, ನಿಮಗೊಬ್ಬರಿಗೇ ಅಡುಗೆ ಮಾಡಿಕೊಳ್ಳಬೇಕು ಅಂದರೆ ಏನು ಮಾಡಿಕೊಳ್ತೀರಿ?” ಅವರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. “ನನಗೊಬ್ಬಳಿಗೆ ಯಾಕೆ ಒಲೆ ಹಚ್ಚಲಿ? ಇದ್ದದ್ದು ಉಂಡರಾಯ್ತು” ಅಂದರು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತಿದ್ದರು. ಆವತ್ತು ಉತ್ತರ ಬರಲಿಲ್ಲ. ಮೂರನೇ ಸಲ ಬಂದಾಗ ತಾವಾಗಿಯೇ ಹೇಳಿದರು: “ಅಪ್ಪೆಹುಳಿ ಮಾಡಿಕೊಂಡೆ. ಯಜಮಾನರಿಗೆ ಹುಳಿ ಆಗಲ್ಲ ಅಂತ ಬಿಟ್ಟು ಎಷ್ಟೋ ವರ್ಷ ಆಗಿತ್ತು. ಖಾರ ಜಾಸ್ತಿ ಆಯ್ತು ಡಾಕ್ಟ್ರೇ.” ಆ ‘ಖಾರ ಜಾಸ್ತಿ ಆಯ್ತು’ ಎಂಬ ದೂರು ಕೇಳಿ ನನಗೆ ಎಷ್ಟು ಖುಷಿಯಾಯಿತು ಅಂದರೆ, ಅವತ್ತಿನ ಫೀಸು ಕೇಳುವುದನ್ನೇ ಮರೆತೆ.

ಅವರಿಗೆ ಔಷಧಿಯೂ ಬೇಕಾಗಿತ್ತು, ಕೊಟ್ಟಿದ್ದೆ. ಬರೀ ಅಪ್ಪೆಹುಳಿಯಿಂದ ವಾಸಿಯಾಯಿತು ಎಂದು ದಯವಿಟ್ಟು ತಿಳಿಯಬೇಡಿ.

ಈಗ ವೈದ್ಯನಾಗಿ ಹೇಳಬೇಕಾದದ್ದನ್ನು ಹೇಳಿಬಿಡುತ್ತೇನೆ. ಖಿನ್ನತೆ ಅಂದರೆ ಅಳುತ್ತ ಹಾಸಿಗೆ ಹಿಡಿಯುವುದು ಎಂದು ಜನ ತಿಳಿದಿದ್ದಾರೆ. ಅದರ ಒಂದು ಮಂದ ರೂಪವೂ ಇದೆ. ನಮ್ಮ ಪುಸ್ತಕಗಳಲ್ಲಿ ಡಿಸ್ಥೈಮಿಯಾ ಎನ್ನುತ್ತಾರೆ. ಬೂದಿ ಮುಚ್ಚಿದ ಕೆಂಡದ ಹಾಗೆ ಇರುತ್ತದೆ. ಮನಸ್ಸು ಮಂಕಾಗಿರುವುದು ಒಂದೆರಡು ವಾರವಲ್ಲ, ಕನಿಷ್ಠ ಎರಡು ವರ್ಷ, ಅದೂ ಹೆಚ್ಚಿನ ದಿನಗಳಲ್ಲಿ, ದಿನದ ಹೆಚ್ಚಿನ ಹೊತ್ತು. ಜತೆಗೆ ಹಸಿವು, ನಿದ್ದೆ, ಶಕ್ತಿ, ತನ್ನ ಮೇಲಿನ ಭರವಸೆ, ಗಮನ, ನಾಳೆಯ ಬಗ್ಗೆ ಆಸೆ, ಇವುಗಳಲ್ಲಿ ಕನಿಷ್ಠ ಎರಡಾದರೂ ಕೆಟ್ಟಿರಬೇಕು. ಇದರ ತಂಟೆ ಏನೆಂದರೆ, ಕೆಲಸ ನಿಲ್ಲುವುದಿಲ್ಲ. ಬ್ಯಾಂಕಿಗೆ ಹೋಗುತ್ತಾರೆ, ಲೆಕ್ಕ ತಪ್ಪುವುದಿಲ್ಲ, ಅಡಿಕೆ ಕೊಯ್ಲು ಮಾಡಿಸುತ್ತಾರೆ. ವರ್ಷಗಟ್ಟಲೆ ಹೀಗೇ ಇದ್ದು, ಕಾಯಿಲೆ ಯಾವುದು, ತಾನು ಯಾವುದು ಎಂಬುದೇ ಮರೆತುಹೋಗುತ್ತದೆ. ‘ನನ್ನ ಸ್ವಭಾವವೇ ಹೀಗೆ’ ಎಂದು ಹೇಳುತ್ತಾರೆ. ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 20 ಜನ ದೊಡ್ಡವರಲ್ಲಿ ಒಬ್ಬರಿಗೆ ಬದುಕಿನಲ್ಲಿ ಯಾವಾಗಲಾದರೂ ಖಿನ್ನತೆ ಬಂದಿರುತ್ತದೆ. ಅವರಲ್ಲಿ ಹೆಚ್ಚಿನವರು ಚಿಕಿತ್ಸೆಯ ಹತ್ತಿರವೇ ಸುಳಿಯುವುದಿಲ್ಲ. ಮಂದ ರೂಪದವರಂತೂ ಬರುವುದೇ ಅಪರೂಪ.

ನಿಮಗೆ ಇದೇ ಇದೆ ಎಂದು ನಾನು ಹೇಳಲಾರೆ. ನಿದ್ದೆ, ಹಸಿವಿನ ಬಗ್ಗೆ ನೀವು ಏನೂ ಬರೆದಿಲ್ಲ. ಕಳೆದ ಎರಡು ವಾರ ನೆನಪಿಸಿಕೊಂಡು ಎರಡೇ ಪ್ರಶ್ನೆ ಕೇಳಿಕೊಳ್ಳಿ: ಏನನ್ನಾದರೂ ಮಾಡುವುದರಲ್ಲಿ ಆಸಕ್ತಿ, ಖುಷಿ ಇತ್ತೇ? ಮನಸ್ಸು ಕುಗ್ಗಿ, ದಾರಿ ಇಲ್ಲ ಅನ್ನಿಸುತ್ತಿತ್ತೇ? ಅರ್ಧಕ್ಕಿಂತ ಹೆಚ್ಚು ದಿನ ಮೊದಲನೆಯದಕ್ಕೆ ‘ಇರಲಿಲ್ಲ’ ಎಂದೋ, ಎರಡನೆಯದಕ್ಕೆ ‘ಹೌದು’ ಎಂದೋ ಉತ್ತರ ಬಂದರೆ ಒಮ್ಮೆ ತೋರಿಸಿಕೊಳ್ಳಿ. ಅದಕ್ಕೂ ಮೊದಲು ಅಥವಾ ಅದರ ಜತೆಗೇ ರಕ್ತ ಪರೀಕ್ಷೆ ಮಾಡಿಸಿ: ಥೈರಾಯ್ಡ್, ಬಿ12, ಸಕ್ಕರೆ, ಹಿಮೋಗ್ಲೋಬಿನ್. ಇದನ್ನು ಹೇಳಿದರೆ ಕೆಲವರಿಗೆ ನಿರಾಸೆಯಾಗುತ್ತದೆ. ಬದುಕಿನ ಅರ್ಥದ ಬಗ್ಗೆ ಕೇಳಿದರೆ ಡಾಕ್ಟ್ರು ಥೈರಾಯ್ಡ್ ಅನ್ನುತ್ತಾರಲ್ಲ ಎಂದು. ಏನು ಮಾಡಲಿ, ಥೈರಾಯ್ಡ್ ಮಂದವಾದಾಗ ಬದುಕಿನ ಅರ್ಥವೂ ಮಂದವಾಗುತ್ತದೆ. ಮಾಂಸ, ಮೀನು ತಿನ್ನದವರಲ್ಲಿ ಬಿ12 ಕೊರತೆ ಬಹಳ ಸಾಮಾನ್ಯ. ಅದರಿಂದಲೂ ಸುಸ್ತು, ಮರೆವು, ಮಂಕು ಬರುತ್ತದೆ.

ತಾಲ್ಲೂಕು ಆಸ್ಪತ್ರೆಗಳಿಗೆ ‘ಮನೋಚೈತನ್ಯ’ ಕಾರ್ಯಕ್ರಮದಲ್ಲಿ ಮಂಗಳವಾರಗಳಂದು ಮನೋವೈದ್ಯರು ಬರುತ್ತಾರೆ. ನಿಮ್ಮಲ್ಲಿ ಯಾವ ಮಂಗಳವಾರ ಎಂದು ಮೊದಲೇ ವಿಚಾರಿಸಿಕೊಂಡು ಹೋಗಿ. ಔಷಧಿ ಬರೆದುಕೊಟ್ಟರೆ ಹೆದರಬೇಡಿ. ಖಿನ್ನತೆಯ ಮಾತ್ರೆ ನಿದ್ದೆ ಮಾತ್ರೆಯಲ್ಲ, ಚಟ ಹಿಡಿಸುವುದಿಲ್ಲ. ಮಾತ್ರೆ ಕೆಲಸ ಮಾಡಲು ಎರಡರಿಂದ ನಾಲ್ಕು ವಾರ ಬೇಕು. ಮೂರು ದಿನ ನುಂಗಿ ‘ಏನೂ ಆಗಲಿಲ್ಲ’ ಎಂದು ಬಿಡುವವರು ತುಂಬಾ ಜನ. ಹಾಗೆಯೇ ಚೆನ್ನಾಗಾಯಿತು ಎಂದು ಒಂದು ದಿನ ತಟ್ಟನೆ ನಿಲ್ಲಿಸಲೂಬಾರದು.

ಒಂದು ವೇಳೆ ಬದುಕೇ ಬೇಡ, ಇದ್ದೇನು ಪ್ರಯೋಜನ ಎಂಬ ಯೋಚನೆ ಯಾವಾಗಲಾದರೂ ಬಂದರೆ ಮಂಗಳವಾರಕ್ಕೆ ಕಾಯಬೇಡಿ. ಟೆಲಿ ಮಾನಸ್ ಸಹಾಯವಾಣಿ 14416. ದಿನದ ಇಪ್ಪತ್ತನಾಲ್ಕು ಗಂಟೆ, ಉಚಿತ, ಕನ್ನಡದಲ್ಲಿ ಮಾತಾಡಬಹುದು. ಈ ಮಾತು ನಿಮಗೊಬ್ಬರಿಗೇ ಅಲ್ಲ, ಇದನ್ನು ಓದುತ್ತಿರುವ ಎಲ್ಲರಿಗೂ.

ಇನ್ನು ಬಡ್ತಿಯ ವಿಷಯ. ಎರಡು ಸಲ ಬೇಡ ಅಂದದ್ದು ತಪ್ಪೋ ಸರಿಯೋ ನನಗೆ ಗೊತ್ತಿಲ್ಲ. ನೀವೇ ನೋಡಿಕೊಳ್ಳಬೇಕಾದದ್ದು, ಬೇಡ ಅಂದ ಆ ಸಂಜೆ ಹೇಗಿತ್ತು ಎಂಬುದು. ತೋಟದಲ್ಲಿ ಒಂದು ಸುತ್ತು ಹಾಕಿ ‘ಸದ್ಯ, ಇದನ್ನು ಬಿಟ್ಟು ಹೋಗಬೇಕಾಗಲಿಲ್ಲ’ ಅನ್ನಿಸಿದ್ದರೆ ಅದು ಆಯ್ಕೆ. ‘ಸದ್ಯ, ತಪ್ಪಿತು’ ಎಂದು ಮಾತ್ರ ಅನ್ನಿಸಿದ್ದರೆ ಅದು ಹೆದರಿಕೆ. ಇಷ್ಟವಾದದ್ದನ್ನು ಇಟ್ಟುಕೊಳ್ಳಲು ಬೇಡ ಅನ್ನುವುದು ಒಂದು, ಸೋಲಿನ ಹೆದರಿಕೆಗೆ ಬೇಡ ಅನ್ನುವುದು ಇನ್ನೊಂದು. ಹೆದರಿದವರನ್ನು ನಾನು ಬೈಯುವುದಿಲ್ಲ, ಹೆದರಿಕೆಗೂ ಎಷ್ಟೋ ಸಲ ಕಾರಣ ಇರುತ್ತದೆ. ಅದಕ್ಕೆ ಸರಳತೆ ಎಂದು ಹೆಸರಿಟ್ಟುಕೊಂಡಾಗ ಮಾತ್ರ ಕಷ್ಟ. ಆಮೇಲೆ ಅದನ್ನು ಮುಟ್ಟಲೂ ಆಗುವುದಿಲ್ಲ, ಯಾಕೆಂದರೆ ಸರಳತೆ ಒಳ್ಳೆಯ ಗುಣ ಅಲ್ವಾ! ಹಾಸಿಗೆ ಇದ್ದಷ್ಟು ಕಾಲು ಚಾಚುತ್ತೇನೆ ಅಂದಿರಿ. ಹಾಸಿಗೆ ಆರಡಿ ಇದ್ದೂ ಮಂಡಿ ಎದೆಗೊತ್ತಿಕೊಂಡು ಮಲಗುವವರೂ ಇದ್ದಾರೆ. ಗಾದೆ ಹೇಳಿದವರು ಅವರ ಲೆಕ್ಕ ಹಿಡಿದಿರಲಿಲ್ಲ.

ಎಲ್ಲ ಹತಾಶೆಯೂ ಮನಸ್ಸಿನೊಳಗಿನದ್ದೇ ಎಂದೂ ನಾನು ಹೇಳುವುದಿಲ್ಲ. ಮರಿಯೆಂಥಾಲ್‌ನಲ್ಲಿ ಕೂಡ ಕೈಗೆ ಬರುವ ದುಡ್ಡು ಕಡಿಮೆಯಾದ ಹಾಗೆ ಮನೆಗಳು ಮೊದಲ ಗುಂಪಿನಿಂದ ಕೆಳಕೆಳಗಿನ ಗುಂಪಿಗೆ ಜಾರುತ್ತಿದ್ದವು. ಸಾಲದಲ್ಲಿ ಮುಳುಗಿದವನಿಗೆ, ಮನೆಯಲ್ಲಿ ಹೊಡೆತ ತಿನ್ನುವವಳಿಗೆ ‘ಇಷ್ಟವಾದದ್ದು ಮಾಡಿ’ ಎಂದರೆ ಅದು ಕ್ರೂರ ತಮಾಷೆ. ನಿಮ್ಮ ಪತ್ರದಲ್ಲಿ ಅಂಥ ಕಷ್ಟ ಕಾಣಿಸಲಿಲ್ಲ, ಹಾಗಾಗಿ ಈ ಮಾತುಗಳನ್ನು ಧೈರ್ಯವಾಗಿ ಹೇಳುತ್ತಿದ್ದೇನೆ. ಇದ್ದೂ ಬರೆಯದಿದ್ದರೆ ಇನ್ನೊಮ್ಮೆ ಬರೆಯಿರಿ.

ಈಗ ನಿಮ್ಮ ಆ ರಾತ್ರಿಗೆ ಬರೋಣ. ಏನು ಬೇಕು ಎಂದು ಕೂತು ಯೋಚಿಸಿದಿರಿ, ಏನೂ ಹೊಳೆಯಲಿಲ್ಲ. ಹೊಳೆಯುವುದಿಲ್ಲ. ಮಿದುಳಿನಲ್ಲಿ ‘ಬೇಕು’ ಅನ್ನಿಸುವುದಕ್ಕೂ ‘ಇಷ್ಟ’ವಾಗುವುದಕ್ಕೂ ಬೇರೆ ಬೇರೆ ವ್ಯವಸ್ಥೆ ಇದೆ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಕೆಂಟ್ ಬೆರಿಜ್ ಮತ್ತು ಅವರ ಜತೆಗಾರರು 1980ರ ದಶಕದ ಕೊನೆಯಲ್ಲಿ ಇಲಿಗಳ ಮೇಲೆ ಪ್ರಯೋಗ ಮಾಡಿದರು. ಡೋಪಮಿನ್ ಎಂಬ ರಾಸಾಯನಿಕ ಇಲ್ಲದ ಹಾಗೆ ಮಾಡಿದ ಇಲಿಗಳು ತಿನ್ನುವುದಕ್ಕೆ ತಾವಾಗಿ ಹೋಗುತ್ತಲೇ ಇರಲಿಲ್ಲ. ಆದರೆ ಸಕ್ಕರೆ ನೀರನ್ನು ಬಾಯಿಗೆ ಹಾಕಿದರೆ ಮೊದಲಿನ ಹಾಗೆಯೇ ನಾಲಿಗೆ ಚಪ್ಪರಿಸುತ್ತಿದ್ದವು! ರುಚಿ ಹೋಗಿರಲಿಲ್ಲ, ಅದರ ಕಡೆ ಹೋಗುವ ಕಾಲು ಹೋಗಿತ್ತು. ಮನುಷ್ಯರ ಮನಸ್ಸು ಇಲಿಯದ್ದಕ್ಕಿಂತ ಜಟಿಲ, ಒಪ್ಪುತ್ತೇನೆ. ಆದರೂ ಕ್ಲಿನಿಕ್ಕಿನಲ್ಲಿ ದಿನಾ ಇದನ್ನೇ ನೋಡುತ್ತೇನೆ. ‘ಮದುವೆಗೆ ಹೋಗಲು ಮನಸ್ಸೇ ಇರಲಿಲ್ಲ, ಹೆಂಡತಿ ಎಳೆದುಕೊಂಡು ಹೋದಳು, ಹೋದ ಮೇಲೆ ಚೆನ್ನಾಗಿತ್ತು’. ನಿಮಗೂ ಆಗಿರಬಹುದು.

ಅಂದರೆ ಮನಸ್ಸಾದ ಮೇಲೆ ಮಾಡುತ್ತೇನೆ ಎಂದು ಕಾದರೆ ಆರು ವರ್ಷ ಹನ್ನೆರಡಾಗುತ್ತದೆ. ಮೊದಲು ಮಾಡಬೇಕು, ಮನಸ್ಸು ಹಿಂದಿನಿಂದ ಬರುತ್ತದೆ. ಬಂದರೆ ಬಂತು. ಇದು ನನ್ನ ಸ್ವಂತ ಉಪದೇಶವಲ್ಲ, ಚಿಕಿತ್ಸೆಯ ಒಂದು ಕ್ರಮವೇ ಇದೆ. ಪಕ್ಕದ ಗೋವಾದಲ್ಲಿ, ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಬರುತ್ತಿದ್ದ, ತೀವ್ರ ಖಿನ್ನತೆಯಿದ್ದ ಸುಮಾರು 500 ಜನರಲ್ಲಿ ಇದನ್ನು ಪರೀಕ್ಷಿಸಿದರು. ಮಾತಾಡಿಸಿದವರು ಡಾಕ್ಟರುಗಳಲ್ಲ, ತರಬೇತಿ ಪಡೆದ ಸಾಮಾನ್ಯ ಜನ. ಆರರಿಂದ ಎಂಟು ಭೇಟಿ. ಬಿಟ್ಟುಹೋದ ಕೆಲಸಗಳನ್ನು ಸಣ್ಣಸಣ್ಣದಾಗಿ ಮತ್ತೆ ಶುರು ಮಾಡಿಸುವುದೇ ಮುಖ್ಯ. ಮೂರು ತಿಂಗಳ ನಂತರ ನೋಡಿದರೆ, ಇದನ್ನು ಪಡೆದವರಲ್ಲಿ 100ಕ್ಕೆ 64 ಜನ ಚೇತರಿಸಿಕೊಂಡಿದ್ದರು. ಪಡೆಯದವರಲ್ಲಿ 39. ಫಲಿತಾಂಶ ಪ್ರಕಟವಾದದ್ದು 2016ರ ಕೊನೆಯಲ್ಲಿ.

ಅಪ್ಪನ ವಿಷಯವನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ನಾನೂ ಹೆಚ್ಚು ಕೆದಕುವುದಿಲ್ಲ. ಮದ್ದಳೆ ಅಟ್ಟ ಹತ್ತಿದ್ದು ಅವರು ಹೋದ ಮೇಲೆ ಎಂಬುದನ್ನು ಮಾತ್ರ ಗಮನಿಸಿದೆ. ಅವರೂ ಕೂಟಕ್ಕೆ ಬರುತ್ತಿದ್ದರೋ, ಅರ್ಥ ಹೇಳುತ್ತಿದ್ದರೋ, ಮೂಲೆಯಲ್ಲಿ ಕೂತು ತಲೆದೂಗುತ್ತಿದ್ದರೋ ನನಗೆ ಗೊತ್ತಿಲ್ಲ. ಕೆಲವು ಸಲ ಸತ್ತವರ ಜತೆ ನಮ್ಮದೊಂದು ವಸ್ತುವನ್ನೂ ಕಳಿಸಿಬಿಡುತ್ತೇವೆ. ವಾಪಸ್ ತೆಗೆದುಕೊಂಡರೆ ಅವರನ್ನು ಮರೆತ ಹಾಗಾಗುತ್ತದೆ ಅನ್ನಿಸುತ್ತದೆ. ಈ ವಿಷಯವನ್ನು ನಿಮ್ಮ ಹೆಂಡತಿಯ ಹತ್ತಿರ ಮಾತಾಡಿ. ಅವರ ಬಗ್ಗೆ ನೀವು ಪತ್ರದಲ್ಲಿ ಒಂದಕ್ಷರವನ್ನೂ ಬರೆದಿಲ್ಲ ಎಂಬುದನ್ನೂ ಹೇಳಲೇಬೇಕು. ಅದೇ ಮನೆಯಲ್ಲಿ, ಅದೇ ಒಂಬತ್ತೂವರೆಗೆ ಅವರ ದೀಪವೂ ಆರುತ್ತದೆ. ಅವರದ್ದು ‘ಸಾಕು’ವೋ ‘ಸಾಕಾಗಿದೆ’ಯೋ, ಒಮ್ಮೆ ಕೇಳಿ ನೋಡಿ.

ಕೊನೆಯದಾಗಿ ಮದ್ದಳೆ. ನಿಮ್ಮ ಕಡೆ ಮಳೆಗಾಲ ಅಂದರೆ ಯಕ್ಷಗಾನ ಮೇಳಗಳು ಒಳಗೆ ಸೇರಿ, ಮನೆ ಜಗುಲಿಯಲ್ಲಿ, ದೇವಸ್ಥಾನದ ಚಾವಡಿಯಲ್ಲಿ ತಾಳಮದ್ದಳೆ ಶುರುವಾಗುವ ಕಾಲ. ಹೋಗಿ ಬಾರಿಸಿ ಎಂದು ನಾನು ಹೇಳುವುದಿಲ್ಲ. ಆರು ವರ್ಷ ಬಿಟ್ಟ ಕೈ, ಒಂದೇ ಸಲಕ್ಕೆ ಕೂಟದಲ್ಲಿ ಕೂತರೆ ತಾಳ ತಪ್ಪಿ, ‘ನೋಡಿದ್ರಾ, ನನ್ನಿಂದಾಗಲ್ಲ’ ಎಂದು ಮತ್ತೆ ಅಟ್ಟಕ್ಕೆ ಹೋಗುತ್ತದೆ. ಈ ವಾರ ಅದನ್ನು ಕೆಳಗಿಳಿಸಿದರೆ ಸಾಕು. ಧೂಳು ಒರೆಸಿ. ಎಡಕ್ಕೊಂದು, ಬಲಕ್ಕೊಂದು ತಟ್ಟಿ ನೋಡಿ. ಅಷ್ಟು ವರ್ಷದ ಥಂಡಿಗೆ ಚರ್ಮದ ಮುಚ್ಚಿಗೆ ಸಡಿಲವಾಗಿರುತ್ತದೆ, ಇಲಿ ಕಡಿದಿರಲೂಬಹುದು. ಆಗ ನಿಮಗೆ ಸಿಟ್ಟು ಬಂದರೆ, ‘ಛೆ, ಹಾಳು ಮಾಡಿಕೊಂಡೆನಲ್ಲ’ ಅನ್ನಿಸಿದರೆ, ಬಹಳ ಒಳ್ಳೆಯದು. ಅದನ್ನು ನನಗೆ ಬರೆದು ತಿಳಿಸಿ. ತಟ್ಟಿದಾಗ ಏನೂ ಅನ್ನಿಸದಿದ್ದರೂ ಬರೆಯಿರಿ, ಜತೆಗೆ ರಕ್ತ ಪರೀಕ್ಷೆಯ ವರದಿಯನ್ನೂ ಕಳಿಸಿ.

ಹೊಸ ಮುಚ್ಚಿಗೆ ಹಾಕಿಸಬೇಕಾದರೆ ಅದಕ್ಕೆ ಸ್ವಲ್ಪ ದುಡ್ಡು ಬೇಕಾಗುತ್ತದೆ. ಮಗಳ ಬಹುಮಾನದ ದುಡ್ಡು ಇನ್ನೂ ಖರ್ಚಾಗಿಲ್ಲ ಅಂದುಕೊಂಡಿದ್ದೇನೆ. ಅಟ್ಟ ಹತ್ತುವಾಗ ಏಣಿ ಹಿಡಿದುಕೊಳ್ಳಲು ಅವಳನ್ನೇ ಕರೆಯಿರಿ.